ಅನುಕೃತಿಯ ನಾದ: ವರ್ಚುವಲ್ ಅನಲಾಗ್ ಸಿಂಥಸೈಜರಿನ ಆಕರ್ಷಣೆಯನ್ನು ಕುರಿತು

ಸಂಗೀತವಾದ್ಯಗಳ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿಯುಂಟು. ಮೊದಲು ಹುಟ್ಟಿದುದನ್ನು ಮೂಲವೆಂದೂ ಅದನ್ನು ನೋಡಿ ಹುಟ್ಟಿದುದನ್ನು ನಕಲೆಂದೂ ಎಣಿಸಿ, ಮೂಲಕ್ಕೆ ಅಧ್ಯಾಯವನ್ನೂ ನಕಲಿಗೆ ಅಡಿಟಿಪ್ಪಣಿಯನ್ನೂ ಮೀಸಲಿಡುವುದೇ ಆ ರೂಢಿ. 1995ರಿಂದೀಚೆಗೆ ಸಂಗೀತಗಾರರ ಕೈಗೆ ಬಂದ ‘ವರ್ಚುವಲ್ ಅನಲಾಗ್’ ಸಿಂಥಸೈಜರುಗಳಿಗೆ ಒದಗಿರುವ ಗತಿ ಇದೇ ಆಗಿದೆ. ಹಳೆಯ ವಿದ್ಯುದ್ವಾದ್ಯಗಳ ನಾದವನ್ನು ಅಂಕಿಗಳ ಲೆಕ್ಕದಿಂದ ಅನುಕರಿಸುವ ಯಂತ್ರಗಳಿವು. ಹಳೆಯವು ದುರ್ಲಭವಾಗಿ ಬೆಲೆಯೇರಿದ್ದ ಕಾಲದಲ್ಲಿ ಬದಲಿಯಾಗಿ ಬಂದವು. ಬದಲಿಯ ಆವಶ್ಯಕತೆ ತೀರಿದ ಮೇಲೆ ಇವುಗಳ ಕಾಲವೂ ತೀರಿತು ಎಂಬುದು ಸಾಮಾನ್ಯವಾದ ತೀರ್ಪು. ಈ ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ಒಂದು ಸಂಗತಿಯನ್ನು ಇದು ವಿವರಿಸಲಾರದು. 2012ರ ಆಚೀಚೆಗೆ ನಿಜವಾದ ಅನಲಾಗ್ ವಾದ್ಯಗಳು ಸುಲಭ ಬೆಲೆಗೆ ಮತ್ತೆ ದೊರೆಯತೊಡಗಿದವು. ಹಾಗಿದ್ದೂ ವಾದಕರು ಈ ‘ಬದಲಿ’ಗಳನ್ನು ಕೈಬಿಡಲಿಲ್ಲ. ಏಕೆ? ಈ ಪ್ರಶ್ನೆಯನ್ನು ಎದುರಿಸಹೊರಟರೆ, ಮೂಲವೆಂದರೇನು ನಕಲೆಂದರೇನು ಎಂಬ ನಮ್ಮ ಎಣಿಕೆಯನ್ನೇ ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ.

ಮೊದಲು ಮೂಲದ ಮಾತು. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ ರೂಪಿಸಿದ ಯಂತ್ರದಲ್ಲಿ ಸ್ವರದ ಎತ್ತರ, ಬಣ್ಣ, ಬಲ ಇವೆಲ್ಲವೂ ವೋಲ್ಟೇಜಿನ ಏರಿಳಿತಕ್ಕೆ ಅಧೀನವಾಗಿದ್ದವು. (ಆ ಹೆಸರನ್ನು ನಮ್ಮಲ್ಲಿ ‘ಮೂಗ್’ ಎನ್ನುವುದೇ ಹೆಚ್ಚು, ಅವರ ಮನೆತನದ ಉಚ್ಚಾರ ‘ಮೋಗ್’. ಕನ್ನಡಿಗನಿಗೆ ಎರಡನೆಯದೇ ಕ್ಷೇಮ.) ಆಸಿಲೇಟರು ಗರಗಸದ ಹಲ್ಲಿನಾಕಾರದ ಅಲೆಯನ್ನು ಹುಟ್ಟಿಸುತ್ತದೆ. ಆ ಅಲೆಯಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಅಂಶಸ್ವರಗಳೆಲ್ಲವೂ ಕ್ರಮವಾಗಿ ಅರೆಪಾಲು, ಮೂರನೆಯ ಒಂದು ಪಾಲು, ಕಾಲುಪಾಲು ಹೀಗೆ ಕುಗ್ಗುತ್ತ ಅಡಗಿರುತ್ತವೆ. ಫಿಲ್ಟರೆಂಬ ಅಂಗವು ಈ ಸಮೃದ್ಧಿಯಿಂದ ಬೇಡವಾದುದನ್ನು ಕಡಿದುಹಾಕುತ್ತದೆ. ಶಿಲ್ಪಿಯು ಕಲ್ಲನ್ನು ಕೆತ್ತುವಂತೆ ಇಲ್ಲಿ ಕಳೆಯುವುದರಿಂದಲೇ ನಾದ ರೂಪುಗೊಳ್ಳುತ್ತದೆ. 1970ರಲ್ಲಿ ಬಂದ ಮಿನಿಮೋಗ್ ವಾದ್ಯವು ಮೂರು ಆಸಿಲೇಟರುಗಳನ್ನೂ 44 ಮನೆಗಳನ್ನೂ ಹೊತ್ತುಕೊಂಡು, ಕೋಣೆಯನ್ನು ತುಂಬುತ್ತಿದ್ದ ಯಂತ್ರವನ್ನು ಕಂಕುಳಲ್ಲಿ ಒಯ್ಯಬಹುದಾದ ಪೆಟ್ಟಿಗೆಯನ್ನಾಗಿಸಿತು. ಅದರ ಮುಖಫಲಕದ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ನಾಬು. ಕಣ್ಣಿಗೆ ಕಂಡುದೇ ಕಿವಿಗೆ ಕೇಳುವುದು. ಕಿವಿಗೆ ಕೇಳುವುದೇ ಕೈಗೆ ಸಿಕ್ಕುವುದು.

ಈ ಸಂಬಂಧವನ್ನು ಮುರಿದುದು 1983ರ ಯಮಾಹಾ ಡಿಎಕ್ಸ್7. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಅವರ ಸಂಶೋಧನೆಯ ಫಲವಾದ ಈ ವಾದ್ಯ ಪೂರ್ಣವಾಗಿ ಅಂಕಿಗಳಿಂದ ನಡೆಯುವಂಥದು. ಅದರ ನಾದದ ಹೊಸತನವನ್ನು ಅಲ್ಲಗಳೆಯುವಂತಿಲ್ಲ. ಗಂಟೆಯ ಮತ್ತು ಲೋಹದ ನಾದಗಳನ್ನು ಹಿಂದಿನ ಯಾವ ಯಂತ್ರವೂ ಅಷ್ಟು ನಿರ್ಮಲವಾಗಿ ಕೊಟ್ಟಿರಲಿಲ್ಲ. ಆದರೆ ಅದರ ಮುಖದ ಮೇಲೆ ನಾಬುಗಳೇ ಇರಲಿಲ್ಲ. ಚಪ್ಪಟೆಯಾದ ಒತ್ತುಗುಂಡಿಗಳ ಸಾಲು, ಒಂದು ಪುಟ್ಟ ಪರದೆ, ಬೆಲೆಯನ್ನು ಏರಿಸಿಳಿಸಲು ಒಂದು ಜಾರುಪಟ್ಟಿ, ಇಷ್ಟೇ. ನೂರಕ್ಕೂ ಮಿಕ್ಕ ಅಂಕಿಗಳನ್ನು ಒಂದೊಂದಾಗಿ ಕರೆದು ತಿದ್ದಬೇಕಾಗಿದ್ದ ಕಾರಣ, ಬಹುಮಂದಿ ವಾದಕರು ಕಾರ್ಖಾನೆಯಲ್ಲಿ ತುಂಬಿಕೊಟ್ಟ 32 ನಾದಗಳನ್ನೇ ನುಡಿಸಿ ತೃಪ್ತರಾದರು. ಅನಂತರದ ಕೊರ್ಗ್ ಎಂ1 ಮೊದಲಾದ ವಾದ್ಯಗಳೂ ಇದೇ ಹಾದಿಯನ್ನು ಹಿಡಿದವು. ನಾದವನ್ನು ಮಾಡುವವನಾಗಿದ್ದ ವಾದಕ ನಾದವನ್ನು ಆರಿಸಿಕೊಳ್ಳುವವನಾದನು. 1990ರ ದಶಕದ ಆರಂಭದಲ್ಲಿ ಹಳೆಯ ಅನಲಾಗ್ ಯಂತ್ರಗಳಿಗಾಗಿ ಎದ್ದ ಹಂಬಲವನ್ನು ‘ಬೆಚ್ಚನೆಯ ನಾದ’ದ ಹಂಬಲವೆಂದು ಬಣ್ಣಿಸುವುದು ವಾಡಿಕೆ. ಅದರಲ್ಲಿ ಕಿವಿಯ ಪಾಲಿಗಿಂತ ಕೈಯ ಪಾಲು ಹೆಚ್ಚೆಂದು ನಮ್ಮ ಅಭಿಪ್ರಾಯ.

ಈ ಸಂದರ್ಭದಲ್ಲಿ, 1995ರಲ್ಲಿ, ಸ್ಟಾಕ್‌ಹೋಮಿನ ಕ್ಲಾವಿಯಾ ಎಂಬ ಸಂಸ್ಥೆಯು ನಾರ್ಡ್ ಲೀಡ್ ವಾದ್ಯವನ್ನು ಹೊರತಂದಿತು. ‘ವರ್ಚುವಲ್ ಅನಲಾಗ್’ ಎಂಬ ಮಾತು ಬಳಕೆಗೆ ಬಂದುದೂ ಮುಖ್ಯವಾಗಿ ಇದರಿಂದಲೇ. ಕುಂಕುಮಗೆಂಪಿನ ಫಲಕ, ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಾಬುಗಳು, 49 ಮನೆಗಳು, ಒಮ್ಮೆಗೆ ನಾಲ್ಕು ಸ್ವರಗಳು. ಒಂದು ಫಲಕವನ್ನು ಒಳಗೆ ಸೇರಿಸಿದರೆ 12. ಒಳಗಿರುವುದು ಆಸಿಲೇಟರಲ್ಲ, ಫಿಲ್ಟರಲ್ಲ. ಅವುಗಳ ವರ್ತನೆಯನ್ನು ಕ್ಷಣಕ್ಷಣವೂ ಲೆಕ್ಕಹಾಕುವ ಚಿಪ್ಪು. ಅದೇ ವರ್ಷ ಬಂದ ಕೊರ್ಗ್ ಪ್ರಾಫೆಸಿಯೂ ಇದೇ ಬಗೆಯ ಲೆಕ್ಕದಿಂದ ನಡೆಯುತ್ತಿತ್ತು. ಆದರೆ ಒಮ್ಮೆಗೆ ಒಂದೇ ಸ್ವರವನ್ನು ನುಡಿಯುತ್ತಿದ್ದ ಆ ವಾದ್ಯದ ಮುಖದಲ್ಲಿ ಕೈಯಾಡಿಸಲು ಜಾಗ ಕಡಿಮೆ. ನಾರ್ಡ್ ಲೀಡಿನ ಮೇಲ್ಮೆ ಅದರ ಲೆಕ್ಕದಲ್ಲಷ್ಟೇ ಇಲ್ಲ, ಆ ಲೆಕ್ಕಕ್ಕೆ ಅದು ಕೊಟ್ಟ ಮುಖದಲ್ಲಿದೆ. ಎಡಬದಿಯಲ್ಲಿರುವ ಮರದ ಕಡ್ಡಿಯನ್ನೇ ಗಮನಿಸಬಹುದು. ಸ್ವರವನ್ನು ಬಾಗಿಸುವುದಕ್ಕಾಗಿ ಬೇರೆ ವಾದ್ಯಗಳಲ್ಲಿರುವ ಚಕ್ರಗಳಿಗೆ ಸಾಮಾನ್ಯವಾಗಿ ನಡುವಿನಲ್ಲಿ ಏನೂ ಆಗದ ಒಂದು ನಿಲುಗಡೆ ಇರುತ್ತದೆ. ಈ ಕಡ್ಡಿಗೆ ಅದಿಲ್ಲ. ಬೆರಳಿನಿಂದ ಅತ್ತಿತ್ತ ಅಲುಗಿಸಿದರೆ ತಂತಿಯ ಮೇಲಣ ಬೆರಳಿನಂತೆ ಸ್ವರ ತೂಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರಲಾರದೆಂಬ ದೋಷಕ್ಕಾಗಿ ಹಾರ್ಮೋನಿಯಮ್ಮನ್ನು 1940ರಲ್ಲಿ ಆಕಾಶವಾಣಿಯಿಂದ ಹೊರಗಿಟ್ಟು, 1971ರವರೆಗೂ ಆ ನಿರ್ಬಂಧವನ್ನು ಸಡಿಲಿಸದೆ ಉಳಿಸಿಕೊಂಡ ದೇಶದ ನಮಗೆ, ಮನೆಗಳ ವಾದ್ಯವೊಂದರಲ್ಲಿ ಈ ಸಣ್ಣ ಕಡ್ಡಿಯ ಬೆಲೆಯೇನೆಂದು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಈ ಮುಖಕ್ಕೂ ಒಂದು ಸುಳ್ಳುಂಟು. ಮಿನಿಮೋಗಿಗೆ ನೆನಪಿರಲಿಲ್ಲ, ಒಂದು ನಾದವನ್ನು ಮತ್ತೆ ಪಡೆಯಬೇಕಾದರೆ ನಾಬುಗಳ ಸ್ಥಾನಗಳನ್ನು ಕಾಗದದ ಮೇಲೆ ಗುರುತು ಮಾಡಿಟ್ಟುಕೊಳ್ಳಬೇಕಾಗಿತ್ತು. ನಾರ್ಡ್ ಲೀಡಿಗೆ ನೆನಪಿದೆ. ನೆನಪಿನಿಂದ ಒಂದು ನಾದವನ್ನು ಕರೆದಾಗ ನಾದ ಬದಲಾಗುತ್ತದೆ, ನಾಬುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಫಲಕ ಒಂದನ್ನು ಹೇಳುತ್ತದೆ, ಕಿವಿ ಬೇರೊಂದನ್ನು ಕೇಳುತ್ತದೆ. 2001ರ ನಾರ್ಡ್ ಲೀಡ್ 3ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು: ಕೊನೆಯಿಲ್ಲದೆ ತಿರುಗುವ ನಾಬುಗಳು, ಪ್ರತಿಯೊಂದರ ಸುತ್ತಲೂ ನಿಜವಾದ ಸ್ಥಾನವನ್ನು ತೋರಿಸುವ ದೀಪಗಳ ಬಳೆ. ಇದು ಸತ್ಯವನ್ನೇ ನುಡಿಯುವ ಫಲಕ. ಹಾಗಿದ್ದೂ 2003ರ 2ಎಕ್ಸ್ ಮತ್ತು 2013ರ ನಾರ್ಡ್ ಲೀಡ್ 4 ಮತ್ತೆ ಸಾಧಾರಣ ನಾಬುಗಳಿಗೇ ಮರಳಿದವು. ಖರ್ಚಿನ ವಿಚಾರ ಒಂದಿರಬಹುದು. ಎರಡು ತುದಿಗಳಲ್ಲಿ ತಡೆಯಿರುವ ನಾಬನ್ನು ಕಣ್ಣುಮುಚ್ಚಿಕೊಂಡು ತಿರುಗಿಸಬಹುದು, ಬಳೆಯಿರುವ ನಾಬನ್ನು ನೋಡಿಕೊಂಡೇ ತಿರುಗಿಸಬೇಕು ಎಂಬುದು ಇನ್ನೊಂದು. ಯಾವುದು ಮುಖ್ಯವಾಯಿತೆಂದು ನಾವು ನಿರ್ಣಯಿಸಲಾರೆವಾದರೂ, ಸತ್ಯವಾದ ಫಲಕಕ್ಕಿಂತ ಕೈಗೆ ಒಗ್ಗಿದ ಫಲಕವೇ ಗೆದ್ದಿತೆಂಬುದು ಸ್ಪಷ್ಟ.

ಇನ್ನು ನಾದದ ಪ್ರಶ್ನೆ. ಅನುಕರಣದ ವಿರುದ್ಧ ಎತ್ತುವ ಆಕ್ಷೇಪಗಳಲ್ಲಿ ಬಲವಾದುದು ಗಣಿತದಿಂದಲೇ ಬರುತ್ತದೆ. ಕ್ಷಣವೊಂದಕ್ಕೆ 44,100 ಸಲ ಲೆಕ್ಕಹಾಕುವ ಯಂತ್ರವು ಅದರ ಅರ್ಧದಷ್ಟು, ಎಂದರೆ 22,050 ಕಂಪನಗಳವರೆಗಿನ ಸ್ವರಗಳನ್ನು ಮಾತ್ರ ಸರಿಯಾಗಿ ನುಡಿಯಬಲ್ಲುದು. ಅದನ್ನು ಮೀರಿದ ಅಂಶಸ್ವರಗಳು ಮಾಯವಾಗುವುದಿಲ್ಲ, ಕನ್ನಡಿಗೆ ತಾಗಿದಂತೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. 5,000 ಕಂಪನಗಳ ಗರಗಸದಲೆಯಲ್ಲಿ ಎಂಟನೆಯ ಅಂಶಸ್ವರ 40,000ಕ್ಕೆ ಬರಬೇಕು. ಅದು 4,100ಕ್ಕೆ ಬಂದು ಬೀಳುತ್ತದೆ. ಮೂಲಸ್ವರಕ್ಕಿಂತ ಕೆಳಗೆ, ಅದರೊಡನೆ ಯಾವ ಸಂವಾದವೂ ಇಲ್ಲದ ಒಂದು ಅಪಸ್ವರ! ಸ್ಟ್ಯಾನ್‌ಫರ್ಡಿನ ಸ್ಟಿಲ್ಸನ್ ಮತ್ತು ಸ್ಮಿತ್ 1996ರಲ್ಲಿ ಈ ದೋಷವನ್ನು ತಡೆಯುವ ಒಂದು ವಿಧಾನವನ್ನು ಪ್ರಕಟಿಸಿದರು. ಫಿನ್ಲೆಂಡಿನ ಆಂಟಿ ಹುಓವಿಲೈನನ್ 2004ರಲ್ಲಿ ಮೋಗ್ ಫಿಲ್ಟರಿನ ನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದರಲ್ಲಿಯೂ ಟ್ರಾನ್ಸಿಸ್ಟರಿನ ವಕ್ರತೆಯನ್ನು ಲೆಕ್ಕಕ್ಕೆ ತಂದುಕೊಂಡು, ಅಂಕಿಗಳ ಫಿಲ್ಟರನ್ನು ಮೂಲಕ್ಕೆ ಬಹಳ ಹತ್ತಿರಕ್ಕೆ ಒಯ್ದರು. ಎಂದರೆ ಮೊದಲ ತಲೆಮಾರಿನ ವರ್ಚುವಲ್ ಅನಲಾಗ್ ವಾದ್ಯಗಳು ಈ ಎರಡನೆಯ ತಿಳಿವು ಪ್ರಕಟವಾಗುವ ಮೊದಲೇ ಹುಟ್ಟಿದವು. ನಕಲೆಂಬ ದೃಷ್ಟಿಯಿಂದಲೇ ಅಳೆಯುವುದಾದರೆ ಅವು ಅಪೂರ್ಣವಾದ ನಕಲುಗಳು.

ಆದರೆ ಆ ದೃಷ್ಟಿಯಿಂದ ಅಳೆಯತಕ್ಕದ್ದೇ? ನಮ್ಮ ಕಾವ್ಯಮೀಮಾಂಸೆಯಲ್ಲಿ ಈ ವಿವಾದ ಹಳೆಯದು. ರಂಗದ ಮೇಲಣ ನಟನನ್ನು ರಾಮನೆಂದು ನಾವು ತಿಳಿಯುವುದು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆಯೆಂದು ತಿಳಿಯುವಂಥ ಬೇರೆಯೇ ಒಂದು ತಿಳಿವು ಎಂದು ಶಂಕುಕನು ವಾದಿಸಿದನು. ವರ್ಚುವಲ್ ಅನಲಾಗ್ ವಾದ್ಯಗಳ ತಯಾರಕರೆಲ್ಲರೂ ತಿಳಿಯದೆಯೇ ಶಂಕುಕನ ಶಿಷ್ಯರು. ಇದಕ್ಕೆ ಅಭಿನವಗುಪ್ತನ ಗುರು ಭಟ್ಟತೌತನು ಎತ್ತಿದ ಆಕ್ಷೇಪ ತೀಕ್ಷ್ಣವಾದುದು: ರಾಮನ ರತಿಭಾವವನ್ನು ಹಿಂದೆ ಕಂಡವರಾರು? ಕಾಣದುದನ್ನು ಅನುಕರಿಸುವುದೆಂದರೇನು? ಈ ಪ್ರಶ್ನೆಯನ್ನು ಪ್ರಕೃತ ವಿಷಯಕ್ಕೆ ಅನ್ವಯಿಸಿದರೆ ಅರ್ಧ ವಿವಾದ ತಾನಾಗಿ ಕರಗಿಹೋಗುತ್ತದೆ. ಮಿನಿಮೋಗಿನ ತಯಾರಿಕೆ 1981ರಲ್ಲೇ ನಿಂತಿತು. 2000ದಲ್ಲಿ ನಾರ್ಡ್ ಲೀಡನ್ನು ಕೊಂಡ ಇಪ್ಪತ್ತರ ತರುಣನು ಅದನ್ನು ಮುಟ್ಟಿ ನೋಡಿದವನಲ್ಲ, ಬಹುಶಃ ಎದುರಿಗೆ ಕೇಳಿದವನೂ ಅಲ್ಲ. ಅವನ ಪಾಲಿಗೆ ಅನುಕಾರ್ಯವೇ ಇಲ್ಲದಿರುವಾಗ ಅನುಕರಣವೆಲ್ಲಿಂದ ಬಂತು?

ಮೂಲವೆಂಬುದಾದರೂ ಒಂದೇ ಆಗಿ, ಶುದ್ಧವಾಗಿ ಇದ್ದಿತೇ ಎಂದು ಕೇಳಬೇಕು. 1978ರ ಪ್ರಾಫೆಟ್-5 ಅನಲಾಗ್ ವಾದ್ಯಗಳಲ್ಲಿ ಅಗ್ರಗಣ್ಯವೆಂದು ಹೆಸರಾದುದು. ಅದರ ನಾಬುಗಳನ್ನು ಓದಿ ನೆನಪಿಟ್ಟುಕೊಳ್ಳುತ್ತಿದ್ದುದು ಒಂದು ಮೈಕ್ರೊಪ್ರೊಸೆಸರು. 1984ರ ರೋಲ್ಯಾಂಡ್ ಜೂನೋ-106ರಲ್ಲಿ ಆಸಿಲೇಟರುಗಳ ಸ್ವರವನ್ನು ಹಿಡಿದು ನಿಲ್ಲಿಸುತ್ತಿದ್ದುದು ಅಂಕಿಗಳ ಗಡಿಯಾರ. ಮಿನಿಮೋಗಿನ ಹೊಗಳಿಕೆಗೆ ಪಾತ್ರವಾದ ‘ದಪ್ಪ’ ನಾದದ ಒಂದು ಕಾರಣ, ಫಿಲ್ಟರಿಗೆ ಉದ್ದೇಶಿಸಿದುದಕ್ಕಿಂತ ಹೆಚ್ಚು ಬಲದ ಅಲೆ ಹೋಗುವಂತಾದ ವಿನ್ಯಾಸದ ತಪ್ಪು ಎಂದು ಅದರ ಚರಿತ್ರಕಾರರು ದಾಖಲಿಸಿದ್ದಾರೆ. ‘ಅನಲಾಗ್’ ಎಂಬ ಮಾತು ಪ್ರಶಂಸೆಯಾದುದಂತೂ ‘ಡಿಜಿಟಲ್’ ಎಂಬ ಎದುರಾಳಿ ಹುಟ್ಟಿದ ಮೇಲೆ. ಹಾಬ್ಸ್‌ಬಾಮ್ ಮತ್ತು ರೇಂಜರ್ 1983ರಲ್ಲಿ ಸಂಪಾದಿಸಿದ ಪ್ರಬಂಧಸಂಕಲನದಿಂದ ‘ಪರಂಪರೆಯ ನಿರ್ಮಾಣ’ವೆಂಬ ಮಾತು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಅನಲಾಗಿನ ಶುದ್ಧತೆ ಅಂಥ ಒಂದು ನಿರ್ಮಿತಿ.

ಅನುಕರಣದಲ್ಲಿ ಸೋತು ಗೆದ್ದ ವಾದ್ಯವೊಂದರ ಕಥೆಯನ್ನು ಇಲ್ಲಿ ಹೇಳದಿರಲಾಗದು, ಅದರಲ್ಲಿ ನಮ್ಮ ದೇಶದ ಪಾಲೂ ಇರುವುದರಿಂದ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಬಿ-303 ಎಂಬ ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆಯನ್ನು ಬಾಸ್ ಗಿಟಾರಿನ ಬದಲಿಗೆಂದು ರಚಿಸಲಾಗಿತ್ತು. ಬಾಸ್ ಗಿಟಾರನ್ನು ಅದು ಎಳ್ಳಷ್ಟೂ ಹೋಲಲಿಲ್ಲ. 1984ರಲ್ಲಿ ತಯಾರಿಕೆಯನ್ನು ನಿಲ್ಲಿಸಿದರು. 1987ರಲ್ಲಿ ಷಿಕಾಗೋದ ಫ್ಯೂಚರ್ ತಂಡವು ಅದರ ಫಿಲ್ಟರಿನ ನಾಬುಗಳನ್ನು ತಿರುಗಿಸುತ್ತ ನುಡಿಸಿದ ‘ಆಸಿಡ್ ಟ್ರ್ಯಾಕ್ಸ್’ ಒಂದು ಹೊಸ ನೃತ್ಯಸಂಗೀತಕ್ಕೇ ಹೆಸರು ಕೊಟ್ಟಿತು. ಆದರೆ ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಚಲನಚಿತ್ರಸಂಗೀತದಲ್ಲಿ ನುರಿತಿದ್ದ ಚರಣ್‌ಜಿತ್ ಸಿಂಗ್ ಇದೇ ಪೆಟ್ಟಿಗೆಯನ್ನು ಜುಪಿಟರ್-8 ಮತ್ತು ಟಿಆರ್-808ರ ಜೊತೆಗೂಡಿಸಿ ಹತ್ತು ಹಿಂದೂಸ್ತಾನಿ ರಾಗಗಳನ್ನು ಧ್ವನಿಮುದ್ರಿಸಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಆ ಪೆಟ್ಟಿಗೆಯ ಗುಣ ರಾಗಕ್ಕೆ ಎಷ್ಟು ಒಗ್ಗಿತೆಂಬುದನ್ನು ಆ ಮುದ್ರಿಕೆಯಲ್ಲಿ ಇಂದಿಗೂ ಕೇಳಬಹುದು. 2010ರಲ್ಲಿ ಅದು ಪುನರ್ಮುದ್ರಣವಾಗುವವರೆಗೆ ಚರಿತ್ರೆಗಳು ಅದನ್ನು ಹೆಸರಿಸಿದಂತೆ ಕಾಣೆವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ಸ್ಥಾಪಿಸಿದ ಮೋಗ್ ಯಂತ್ರದ ಮೇಲೆ ಭಾರತೀಯರು ಮಾಡಿದ ರಚನೆಗಳಿಗೂ ಇದೇ ಗತಿ. ಅವು ಸಂಕಲನವಾಗಿ ಹೊರಬಂದುದು 2023ರಲ್ಲಿ. ಯಾವುದು ಮೊದಲು ಯಾವುದು ಅನಂತರ ಎಂಬ ಪಟ್ಟಿಯ ಮೇಲೆ ಅತಿಯಾದ ಭಾರ ಹಾಕುವವರು ಈ ಎರಡು ನಿದರ್ಶನಗಳನ್ನು ಗಮನಿಸುವುದು ಒಳಿತು.

ವರ್ಚುವಲ್ ಅನಲಾಗ್ ವಾದ್ಯಗಳಲ್ಲಿ ಟಿಬಿ-303ಕ್ಕೆ ಸಾಟಿಯಾದ ಪ್ರಸಂಗವೆಂದರೆ 1996ರ ರೋಲ್ಯಾಂಡ್ ಜೆಪಿ-8000. ಒಟ್ಟಾರೆಯಾಗಿ ನಾರ್ಡ್ ಲೀಡಿಗಿಂತ ಇದು ಕೆಳಗಿನ ವಾದ್ಯವೆಂದೇ ನಾವು ಹೇಳುತ್ತೇವೆ. ಅದರ ಫಿಲ್ಟರು ತೆಳು, ಮೈ ಪ್ಲಾಸ್ಟಿಕ್ಕಿನದು. ಆದರೆ ಅದರಲ್ಲಿ ‘ಸೂಪರ್ ಸಾ’ ಎಂಬ ಒಂದು ಅಲೆಯಿದೆ. ಏಳು ಗರಗಸದಲೆಗಳು ಸ್ವಲ್ಪ ಸ್ವಲ್ಪ ಶ್ರುತಿ ತಪ್ಪಿ ಒಟ್ಟಿಗೆ ನುಡಿಯುವ ಈ ನಾದ 1990ರ ದಶಕದ ಕೊನೆಯ ಟ್ರಾನ್ಸ್ ಸಂಗೀತದ ಮುಖಲಕ್ಷಣವೇ ಆಯಿತು. ಸ್ವರವೊಂದಕ್ಕೆ ಏಳು ಆಸಿಲೇಟರು, ಎಂಟು ಸ್ವರಗಳಿಗೆ ಐವತ್ತಾರು! ಇಷ್ಟನ್ನು ಒಂದೇ ಪೆಟ್ಟಿಗೆಯಲ್ಲಿ ಹೊತ್ತ ಅನಲಾಗ್ ಮಾದರಿ ಅದರ ಮುಂದಿರಲಿಲ್ಲ. ಅನುಕರಿಸಲು ಬಂದ ಯಂತ್ರ ಅನುಕರಿಸಲು ಏನೂ ಇಲ್ಲದ ಜಾಗಕ್ಕೆ ಬಂದು ನಿಂತಿತು. ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಯೊಬ್ಬನು 2010ರ ತನ್ನ ಪ್ರಬಂಧದಲ್ಲಿ ಈ ಅಲೆಯನ್ನು ಬಿಡಿಸಿ ನೋಡಿದಾಗ ತಿಳಿದುಬಂದುದು ಸ್ವಾರಸ್ಯವಾಗಿದೆ: ಮೇಲೆ ಹೇಳಿದ ಮಡಚುವ ಅಪಸ್ವರಗಳನ್ನು ಅಲ್ಲಿ ತಡೆದೇ ಇಲ್ಲ. ಮೂಲಸ್ವರಕ್ಕಿಂತ ಕೆಳಗೆ ಬೀಳುವವನ್ನು ಮಾತ್ರ ಸೋಸಿ ತೆಗೆದು, ಮೇಲಿನವನ್ನು ಹಾಗೆಯೇ ಬಿಟ್ಟಿದ್ದಾರೆ. ಆ ನಾದದ ಗಾಳಿಯಂಥ ಮಿಂಚಿನಲ್ಲಿ ಈ ಅಪಸ್ವರಗಳ ಪಾಲುಂಟು. ಪುಸ್ತಕದ ಪ್ರಕಾರ ದೋಷವಾದುದನ್ನು ಸಾವಿರಾರು ಕಿವಿಗಳು ಗುಣವೆಂದು ಅಂಗೀಕರಿಸಿದವು. ಪ್ರಬಂಧದ ವಿಷಯವಾದರೂ ಈ ಅಲೆಯನ್ನು ಅನುಕರಿಸುವುದು ಹೇಗೆ ಎಂಬುದೇ ಆಗಿತ್ತು!

ಇಷ್ಟು ಹೇಳಿದ ಮೇಲೆ ಈ ವಾದ್ಯಗಳ ಮೇಲೆ ಹೊರಿಸಬಹುದಾದ ನಿಜವಾದ ಅಪರಾಧವನ್ನೂ ಹೇಳಬೇಕು. ಅದು ನಕಲೆಂಬುದಲ್ಲ, ಯಾವುದನ್ನು ನಕಲು ಮಾಡಲು ಆರಿಸಿಕೊಂಡರು ಎಂಬುದು. ಮೋಗ್ ಅವರ ಸಮಕಾಲೀನರಾದ ಕ್ಯಾಲಿಫೋರ್ನಿಯದ ಡಾನ್ ಬುಕ್ಲಾ, ಪಿಯಾನೋದ ಮನೆಗಳನ್ನೇ ಬೇಡವೆಂದು, ಕಡಿದು ತೆಗೆಯುವ ಫಿಲ್ಟರಿಗೆ ಬದಲಾಗಿ ಅಲೆಯನ್ನೇ ಮಡಿಚಿ ಬೆಳೆಸುವ ಇನ್ನೊಂದು ಹಾದಿಯನ್ನು ತೆರೆದಿದ್ದರು. ಅಂಕಿಗಳ ಯಂತ್ರಕ್ಕೆ ಎರಡೂ ಹಾದಿ ಸಮಾನವಾಗಿ ಸುಲಭ. ಆದರೂ ನಾರ್ಡ್ ಲೀಡ್, ಜೆಪಿ-8000, 1997ರ ಜರ್ಮನಿಯ ಆಕ್ಸೆಸ್ ವೈರಸ್, 2002ರ ಮೈಕ್ರೊಕೊರ್ಗ್ ಇವೆಲ್ಲವೂ ಮಿನಿಮೋಗಿನ ಫಲಕದ ವ್ಯಾಕರಣವನ್ನೇ ಒಪ್ಪಿಕೊಂಡವು: ಎಡಕ್ಕೆ ಆಸಿಲೇಟರು, ಅದರ ಮುಂದೆ ಫಿಲ್ಟರು, ಕೊನೆಗೆ ನಾದದ ಬಲ. ಇಂದಿನ ವಿದ್ಯಾರ್ಥಿಗೆ ಸಿಂಥಸೈಜರೆಂದರೆ ಇದೇ, ಬೇರೊಂದಿರಬಹುದೆಂಬ ಊಹೆಯೇ ಬಾರದು. 1970ರ ಒಂದು ಆಯ್ಕೆಯನ್ನು ಪ್ರಕೃತಿನಿಯಮವೆಂಬಂತೆ ಸ್ಥಿರಗೊಳಿಸಿದ ಹೊಣೆ ಹೆಚ್ಚಾಗಿ ಈ ವಾದ್ಯಗಳದು. ಇವುಗಳ ಅಭಿಮಾನಿಗಳು ಈ ಮಾತನ್ನು ಎತ್ತುವುದಿಲ್ಲ.

ಮೈಕ್ರೊಕೊರ್ಗಿನ ವಿಷಯದಲ್ಲಿ ನಮಗೆ ಮಿಶ್ರಭಾವನೆಯುಂಟು. 37 ಕಿರುಮನೆಗಳು, ನಾಲ್ಕು ಸ್ವರಗಳು, ಬ್ಯಾಟರಿಯಿಂದಲೂ ನಡೆಯುವ ಮೈ, ಹಾಡುವವನ ಕಂಠವನ್ನು ಯಂತ್ರದ ನಾದದೊಡನೆ ಬೆಸೆಯುವ ವೋಕೋಡರು; ಫಲಕದ ಮೇಲೆ ತಿದ್ದುವುದಕ್ಕೆ ಐದೇ ನಾಬುಗಳು, ಉಳಿದುದೆಲ್ಲ ಮುದ್ರಿತವಾದ ಒಂದು ಕೋಷ್ಟಕ. ಮೇಲೆ ನಾವು ಎತ್ತಿಹಿಡಿದ ಒಂದು ಕೆಲಸಕ್ಕೆ ಒಂದು ನಾಬು ಎಂಬ ತತ್ತ್ವಕ್ಕೆ ಇದು ನೇರವಾಗಿ ವಿರುದ್ಧ. ಹೀಗಿದ್ದರೂ ಎರಡು ದಶಕಗಳಿಗೂ ಮಿಕ್ಕು ಮಾರಾಟವಾಗುತ್ತ ಬಂದು, 2024ರಲ್ಲಿ ಇದರ ಎರಡನೆಯ ರೂಪ ಹೊರಬಂದಿತು. ನಮ್ಮ ವಾದಕ್ಕೆ ಇದು ಅನುಕೂಲವಾದ ಸಾಕ್ಷ್ಯವಲ್ಲವೆಂಬುದನ್ನು ಮುಚ್ಚಿಡಲಾಗದು. ಕೈಗೆಟುಕುವ ಬೆಲೆಯೂ ಹೆಗಲಿಗೇರುವ ತೂಕವೂ ವಾದಕನ ಲೆಕ್ಕದಲ್ಲಿ ನಾಬುಗಳಷ್ಟೇ ತೂಗುತ್ತವೆ ಎಂದಷ್ಟೇ ಹೇಳಬಹುದು. ಸಂಜೆಯ ಕಚೇರಿಯ ನಡುವೆ ಶ್ರುತಿ ಕದಲದ, ಗುಂಡಿಯೊತ್ತಿದೊಡನೆ ನಿನ್ನೆಯ ನಾದವನ್ನು ಮರಳಿಸುವ ವಾದ್ಯ ಯಾರಿಗೆ ಬೇಡ? ಶಾಖಕ್ಕೆ ಆಸಿಲೇಟರು ಕದಲುವುದನ್ನು ‘ಜೀವಂತಿಕೆ’ಯೆಂದು ಬರೆಯುವವರು ಬಹುಶಃ ವೇದಿಕೆಯ ದೀಪಗಳ ಕೆಳಗೆ ನಿಂತು ನುಡಿಸಿದವರಲ್ಲ.

ಇತ್ತೀಚಿನ ಬೆಳವಣಿಗೆಯೊಂದು ಈ ವಿಷಯವನ್ನು ಹೊಸ ತಿರುವಿಗೆ ಒಯ್ದಿದೆ. ವೈರಸ್ ಮತ್ತು ನಾರ್ಡ್ ಲೀಡ್ 2ಎಕ್ಸ್ ವಾದ್ಯಗಳೊಳಗಿದ್ದುದು ಮೊಟೊರೊಲಾ ಸಂಸ್ಥೆಯ 56300 ವಂಶದ ಚಿಪ್ಪುಗಳು. 2020ರ ದಶಕದಲ್ಲಿ ಕೆಲವು ತಂತ್ರಜ್ಞರು ಆ ಚಿಪ್ಪಿನ ವರ್ತನೆಯನ್ನೇ ಸಾಮಾನ್ಯ ಗಣಕಯಂತ್ರದಲ್ಲಿ ಅನುಕರಿಸುವ ತಂತ್ರಾಂಶವನ್ನು ರಚಿಸಿದ್ದಾರೆ. ಹಳೆಯ ವಾದ್ಯದೊಳಗಿನ ಕಾರ್ಯಕ್ರಮ, ಒಂದಕ್ಷರವೂ ಬದಲಾಗದೆ, ಅದರ ಮೇಲೆ ಓಡುತ್ತದೆ. ಎಂದರೆ ಅನುಕೃತಿಗೆ ಈಗ ಅನುಕೃತಿ ಹುಟ್ಟಿದೆ, ಮತ್ತು ನಕಲೆಂದು ಹಳಿಯಲ್ಪಟ್ಟುದು ಮೂಲದ ಪೀಠದಲ್ಲಿ ಕುಳಿತಿದೆ. ಚರಿತ್ರೆಯ ದೃಷ್ಟಿಯಿಂದ ಇದು ಉಪಕಾರವೇ ಸರಿ. ಹಳೆಯ ಚಿಪ್ಪು ಕೆಟ್ಟರೆ ಮಿನಿಮೋಗಿನ ಟ್ರಾನ್ಸಿಸ್ಟರಿನಂತೆ ಅಂಗಡಿಯಿಂದ ತಂದು ಬೆಸೆಯಲಾಗದು, ಕಾರ್ಯಕ್ರಮವಿಲ್ಲದೆ ಆ ಕೆಂಪು ಪೆಟ್ಟಿಗೆ ಮೂಕ. ಆದರೆ ಹೀಗೆ ಉಳಿದುಕೊಂಡುದು ಲೆಕ್ಕ ಮಾತ್ರ. ಫಲಕವು ಪರದೆಯ ಮೇಲೆ ಬರೆದ ಚಿತ್ರವಾಗಿದೆ. ಒಮ್ಮೆಗೆ ಒಂದೇ ನಾಬನ್ನು ಮೌಸಿನಿಂದ ಹಿಡಿದು ತಿರುಗಿಸಬಹುದು, ಮರದ ಕಡ್ಡಿಯಂತೂ ಇಲ್ಲವೇ ಇಲ್ಲ. ಅದನ್ನು ನುಡಿಸಬಯಸುವವನು ನಾಬುಗಳಿರುವ ಬೇರೊಂದು ಪೆಟ್ಟಿಗೆಯನ್ನು ಕೊಂಡು, ಯಾವ ನಾಬು ಫಿಲ್ಟರಿಗೆ ಯಾವುದು ಆಸಿಲೇಟರಿಗೆ ಎಂದು ತಾನೇ ಒಂದೊಂದಾಗಿ ಜೋಡಿಸಿಕೊಳ್ಳಬೇಕಾಗಿದೆ.